ಮೂರು ಬಗೆಯ ಕಂಪ್ರೆಸರ್‌ಗಳಿಗೆ ಒಂದೇ ನಿರ್ವಹಣಾ ಪಟ್ಟಿ ಸಾಕಾಗುತ್ತದೆಯೇ?

ಯುಟಿಲಿಟಿ ಮೇಲ್ವಿಚಾರಕ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾರ್ಖಾನೆಯ ಕಂಪ್ರೆಸರ್ ಕೊಠಡಿಯ ಹೊಣೆ ಈಚೆಗೆ ನನಗೆ ಬಂದಿದೆ. ಎರಡು ಹಂತದ, ನೀರಿನಿಂದ ತಂಪಾಗುವ ಒಂದು ರೆಸಿಪ್ರೊಕೇಟಿಂಗ್ (ಪಿಸ್ಟನ್ ಹಿಂದೆಮುಂದೆ ಚಲಿಸುವ) ಯಂತ್ರ, ಎಣ್ಣೆ ಸಿಂಪಡಿಸುವ ಬಗೆಯ ಎರಡು ಸ್ಕ್ರೂ (ತಿರುಪಿನಾಕಾರದ ರೋಟರ್‌ಗಳ) ಯಂತ್ರಗಳು ಮತ್ತು ಮೂರು ಹಂತದ ಒಂದು ಸೆಂಟ್ರಿಫ್ಯೂಗಲ್ (ವೇಗವಾಗಿ ತಿರುಗುವ ಇಂಪೆಲ್ಲರ್ ಚಕ್ರಗಳಿಂದ ಗಾಳಿ ತಳ್ಳುವ) ಯಂತ್ರ ಅಲ್ಲಿವೆ. ನಾಲ್ಕೂ ಸುಮಾರು 7 ಬಾರ್ ಒತ್ತಡದ ಒಂದೇ ಹೆಡರ್‌ಗೆ, ಅಂದರೆ ಮುಖ್ಯ ಗಾಳಿ ಕೊಳವೆಗೆ, ಗಾಳಿ ಕೊಡುತ್ತವೆ. ಹಿಂದಿನಿಂದ ಬಂದಿರುವ ನಿರ್ವಹಣಾ ಪಟ್ಟಿ ಒಂದೇ ಇದ್ದು, ಯಾವ ಯಂತ್ರವೇ ಆಗಲಿ 2000 ಗಂಟೆಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸಬೇಕು, 8000 ಗಂಟೆಗೊಮ್ಮೆ ಬಿಚ್ಚಿ ನೋಡಬೇಕು ಎಂದು ಅದು ಹೇಳುತ್ತದೆ. ಪಟ್ಟಿಯಂತೆ ಎಲ್ಲವೂ ನಡೆದಿದೆ. ಆದರೂ ಈಗ ಮೂರು ತೊಂದರೆಗಳು ಕಾಣಿಸಿಕೊಂಡಿವೆ. ಎರಡನೆಯ ಸ್ಕ್ರೂ ಯಂತ್ರದ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದೆ. ರೆಸಿಪ್ರೊಕೇಟಿಂಗ್ ಯಂತ್ರದಲ್ಲಿ ಎರಡು ಹಂತಗಳ ನಡುವಿನ ಒತ್ತಡ 1.8 ಬಾರ್ ಇದ್ದದ್ದು 2.6 ಬಾರ್‌ಗೆ ಏರಿದೆ. ಸೆಂಟ್ರಿಫ್ಯೂಗಲ್ ಯಂತ್ರವು ರಾತ್ರಿ ಪಾಳಿಯಲ್ಲಿ ಆಗಾಗ ಗುಡುಗಿದಂತೆ ಸದ್ದು ಮಾಡಿ ಮತ್ತೆ ಸರಿಹೋಗುತ್ತದೆ. ಇದೇ ಪಟ್ಟಿಯನ್ನು ಇನ್ನಷ್ಟು ಬಿಗಿಗೊಳಿಸಿದರೆ ಸಾಕೇ, ಅಥವಾ ಬೇರೆ ದಾರಿ ಹಿಡಿಯಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಸ್ಕ್ರೂ ಸರ್ವೀಸ್:

ಬಿಗಿಗೊಳಿಸುವುದರಿಂದ ಪ್ರಯೋಜನವಾಗಲಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗಾಳಿಯನ್ನು ಒತ್ತುವ ಕೆಲಸ ಒಂದೇ ಆದರೂ ಈ ಮೂರು ಬಗೆಯ ಯಂತ್ರಗಳು ಕೆಡುವ ಕಾರಣಗಳು ಬೇರೆ ಬೇರೆ. ರೆಸಿಪ್ರೊಕೇಟಿಂಗ್ ಯಂತ್ರ ಮುಖ್ಯವಾಗಿ ವಾಲ್ವ್‌ಗಳಿಂದ ನಿಲ್ಲುತ್ತದೆ, ಸ್ಕ್ರೂ ಯಂತ್ರ ಎಣ್ಣೆಯಿಂದ, ಸೆಂಟ್ರಿಫ್ಯೂಗಲ್ ಯಂತ್ರ ಕೂಲರ್ ಮತ್ತು ನಿಯಂತ್ರಣ ವ್ಯವಸ್ಥೆಯಿಂದ. ಗಂಟೆಯ ಮೀಟರ್ ಈ ಮೂರರಲ್ಲಿ ಯಾವುದನ್ನೂ ನೇರವಾಗಿ ಅಳೆಯುವುದಿಲ್ಲ.

ನಿಮ್ಮ ಬೆಳ್ಳಗಾದ ಎಣ್ಣೆಯ ವಿಚಾರಕ್ಕೆ ಬರುವ ಮೊದಲು ಎರಡು ಮಾಹಿತಿ ಬೇಕು. ಆ ಯಂತ್ರದ ಏರ್ ಎಂಡ್ (ಗಾಳಿ ಒತ್ತುವ ಭಾಗ) ಡಿಸ್ಚಾರ್ಜ್ ತಾಪಮಾನ, ಅಂದರೆ ಒತ್ತಿದ ಗಾಳಿ ಹೊರಬರುವಲ್ಲಿನ ತಾಪಮಾನ, ಎಷ್ಟಿರುತ್ತದೆ? ಒಟ್ಟು ಓಡಿದ ಗಂಟೆಗಳಲ್ಲಿ ಲೋಡ್ ಮೇಲೆ, ಅಂದರೆ ಗಾಳಿ ಕೊಡುತ್ತಾ, ಓಡಿದ ಪಾಲು ಎಷ್ಟು?

ಯುಟಿಲಿಟಿ ಮೇಲ್ವಿಚಾರಕ:

ಡಿಸ್ಚಾರ್ಜ್ ತಾಪಮಾನ 62 ರಿಂದ 64 ಡಿಗ್ರಿ ಇರುತ್ತದೆ. ಅದನ್ನು ನೋಡಿ ಕೂಲರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಇಲ್ಲಿನವರು ಸಂತೋಷಪಡುತ್ತಿದ್ದರು. ಮೊದಲನೆಯ ಸ್ಕ್ರೂ ಯಂತ್ರ 84 ಡಿಗ್ರಿಯಲ್ಲಿ ಓಡುತ್ತದೆ. ಎರಡನೆಯದು ಹೆಚ್ಚಿನ ಹೊತ್ತು ಅನ್‌ಲೋಡ್‌ನಲ್ಲೇ (ಗಾಳಿ ಕೊಡದೆ ಬರಿದೆ ತಿರುಗುತ್ತಾ) ಇರುತ್ತದೆ. ಲೋಡ್ ಗಂಟೆಗಳು ಒಟ್ಟು ಗಂಟೆಗಳ ಕಾಲು ಭಾಗಕ್ಕಿಂತ ಕಡಿಮೆ.

ಸ್ಕ್ರೂ ಸರ್ವೀಸ್:

ಹಾಗಾದರೆ ಕಾರಣ ಬಹುತೇಕ ಅಲ್ಲೇ ಇದೆ. ಲೆಕ್ಕವನ್ನು ಇಲ್ಲಿಯೇ ಬಿಡಿಸಿ ಹೇಳುತ್ತೇನೆ. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಸ್ಕ್ರೂ ಯಂತ್ರದ ತಾಪಮಾನದ ಬಗ್ಗೆ ಇರುವ ತಪ್ಪು ತಿಳಿವಳಿಕೆ ಹೋಗುತ್ತದೆ.

ಹೊರಗಿನ ಗಾಳಿ 30 ಡಿಗ್ರಿ, ಆರ್ದ್ರತೆ ಶೇಕಡ 80 ಎಂದುಕೊಳ್ಳಿ. ಆ ಗಾಳಿಯಲ್ಲಿರುವ ನೀರಿನ ಆವಿಯ ಒತ್ತಡ ಸುಮಾರು 34 ಮಿಲಿಬಾರ್. ಗಾಳಿಯನ್ನು 7.5 ಬಾರ್ ಗೇಜ್ ಒತ್ತಡಕ್ಕೆ (ವಾತಾವರಣದ ಒತ್ತಡಕ್ಕಿಂತ ಮೇಲಿನ ಅಳತೆ), ಅಂದರೆ ವಾತಾವರಣದ ಒತ್ತಡದ ಸುಮಾರು ಎಂಟೂವರೆ ಪಟ್ಟಿಗೆ ಒತ್ತಿದಾಗ ಆವಿಯ ಒತ್ತಡವೂ ಅಷ್ಟೇ ಪಟ್ಟು ಹೆಚ್ಚಿ 290 ಮಿಲಿಬಾರ್ ಹತ್ತಿರ ಬರುತ್ತದೆ. ಅಷ್ಟು ಆವಿ ನೀರಾಗದೆ ಉಳಿಯಬೇಕಾದರೆ ತಾಪಮಾನ ಸುಮಾರು 68 ಡಿಗ್ರಿಗಿಂತ ಮೇಲಿರಬೇಕು. ನಿಮ್ಮ ಯಂತ್ರ 62 ರಲ್ಲಿ ಓಡುತ್ತಿದೆ. ಆದ್ದರಿಂದ ತೇವ ಹೆಚ್ಚಿರುವ ದಿನಗಳಲ್ಲಿ ಗಾಳಿಯಿಂದ ಎಣ್ಣೆಯನ್ನು ಬೇರ್ಪಡಿಸುವ ಸೆಪರೇಟರ್ ಟ್ಯಾಂಕಿನೊಳಗೆ ನೀರು ಇಳಿದು ಎಣ್ಣೆಯಲ್ಲಿ ಬೆರೆಯುತ್ತಲೇ ಇರುತ್ತದೆ. ಎಣ್ಣೆಯ ಪದರ ತೆಳುವಾಗಿ ಬೇರಿಂಗ್‌ಗಳ ಮೇಲ್ಮೈಯಲ್ಲಿ ತುಕ್ಕು ಮತ್ತು ಗುಳಿ ಬೀಳುತ್ತವೆ, ಮತ್ತು ಅದು ಕಿವಿಗೆ ಕೇಳಿಸುವ ಹೊತ್ತಿಗೆ ಏರ್ ಎಂಡ್ ಬಿಚ್ಚಬೇಕಾದ ಸ್ಥಿತಿ ಬಂದಿರುತ್ತದೆ. ಈ ಬಗೆಯ ಯಂತ್ರ 75 ರಿಂದ 95 ಡಿಗ್ರಿಯ ನಡುವೆ ಓಡುವುದು ಆರೋಗ್ಯಕರ. ಸಾಮಾನ್ಯವಾಗಿ 105 ರಿಂದ 110 ಡಿಗ್ರಿಗೆ ಟ್ರಿಪ್ ಆಗುವಂತೆ ಹೊಂದಿಸಿರುತ್ತಾರೆ. ಬಿಸಿ ಹೆಚ್ಚಾದರೆ ಯಂತ್ರ ತಾನೇ ನಿಂತು ಎಚ್ಚರಿಸುತ್ತದೆ. ತಂಪು ಹೆಚ್ಚಾದರೆ ಎಚ್ಚರಿಸುವ ಏರ್ಪಾಡು ಬಹಳಷ್ಟು ಯಂತ್ರಗಳಲ್ಲಿ ಇರುವುದಿಲ್ಲ ಎಂಬುದನ್ನು ಗಮನಿಸಬೇಕು.

ಈಗ ಥರ್ಮೋಸ್ಟಾಟಿಕ್ ವಾಲ್ವ್ (ಎಣ್ಣೆ ಬಿಸಿಯಾದ ಮೇಲಷ್ಟೇ ಅದನ್ನು ಕೂಲರ್‌ಗೆ ಬಿಡುವ ವಾಲ್ವ್) ಪರೀಕ್ಷಿಸಿ. ಯಂತ್ರ ಪೂರ್ತಿ ತಣ್ಣಗಿರುವಾಗ ಶುರು ಮಾಡಿ, ಆಯಿಲ್ ಕೂಲರ್‌ಗೆ ಎಣ್ಣೆ ಒಯ್ಯುವ ಪೈಪಿನ ತಾಪಮಾನವನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನೋಡುತ್ತಾ ನಿಲ್ಲಿ. ವಾಲ್ವ್ ಸರಿಯಿದ್ದರೆ, ಎಣ್ಣೆ ಅದು ತೆರೆಯುವ ತಾಪಮಾನಕ್ಕೆ ಬರುವ ತನಕ ಆ ಪೈಪು ಹೆಚ್ಚುಕಡಿಮೆ ತಣ್ಣಗೇ ಇದ್ದು ಆಮೇಲೆ ಬೇಗನೆ ಬಿಸಿಯಾಗುತ್ತದೆ. ಶುರುವಿನಿಂದಲೇ ಟ್ಯಾಂಕಿನ ಎಣ್ಣೆಯ ಜೊತೆಜೊತೆಗೆ ಬಿಸಿಯಾಗುತ್ತಾ ಬಂದರೆ ವಾಲ್ವ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು.

ಎರಡನೆಯದು, ನೀರು ಇಳಿಸುವ ಕೆಲಸ. ಯಂತ್ರವನ್ನು ನಿಲ್ಲಿಸಿ ಕೆಲವು ಗಂಟೆ ಬಿಟ್ಟರೆ ನೀರು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಒತ್ತಡ ಸೊನ್ನೆಗೆ ಬಂದಿರುವುದನ್ನು ಗೇಜ್‌ನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಡ್ರೈನ್ ವಾಲ್ವನ್ನು ಸ್ವಲ್ಪವೇ ತೆರೆಯಿರಿ. ಮೊದಲು ನೀರು ಬರುತ್ತದೆ, ಎಣ್ಣೆ ಬರತೊಡಗಿದ ಕೂಡಲೇ ಮುಚ್ಚಬೇಕು. ಆದರೆ ಎಣ್ಣೆ ಈಗಾಗಲೇ ಬೆಳ್ಳಗಾಗಿರುವುದರಿಂದ ಬರೀ ಡ್ರೈನ್ ಸಾಲದು. ಗಂಟೆ ಎಷ್ಟೇ ಆಗಿರಲಿ, ಎಣ್ಣೆ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಾಯಿಸಿ.

ಶಿಫ್ಟ್ ಇನ್‌ಚಾರ್ಜ್:

ಮಧ್ಯೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ಕೂಲರ್‌ನ ಒಂದು ಭಾಗಕ್ಕೆ ರಟ್ಟು ಅಡ್ಡ ಇಟ್ಟರೆ ತಾಪಮಾನ ತಾನಾಗಿ ಮೇಲೇರುತ್ತದೆಯಲ್ಲವೇ? ವಾಲ್ವ್ ಬರುವ ತನಕ ಹಾಗೆ ನಡೆಸಬಹುದೇ?

ಸ್ಕ್ರೂ ಸರ್ವೀಸ್:

ಬೇಡ. ಒಂದೇ ಜೋಡಣೆಯ ಕೂಲರ್‌ಗಳಲ್ಲಿ ಎಣ್ಣೆಯ ಭಾಗವೂ ಒತ್ತಿದ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ಭಾಗವೂ ಒಟ್ಟಿಗೇ ಇರುತ್ತವೆ. ಅಡ್ಡ ಇಟ್ಟರೆ ಬಿಸಿ ಗಾಳಿ ನೇರವಾಗಿ ಡ್ರೈಯರ್‌ಗೆ ಹೋಗಿ ಅಲ್ಲಿ ನೀರು ಹಿಡಿಯುವುದು ತಪ್ಪುತ್ತದೆ. ಲೋಡ್ ಹೆಚ್ಚಿದಾಗ ಅಡ್ಡ ತೆಗೆಯಲು ಮರೆತರೆ ಯಂತ್ರ ಟ್ರಿಪ್ ಆಗುತ್ತದೆ. ವಾಲ್ವ್ ಬರುವ ತನಕ ಆ ಯಂತ್ರವನ್ನು ಅನ್‌ಲೋಡ್‌ನಲ್ಲಿ ಬಿಡದೆ, ಬೇಕಾದಾಗ ಪೂರ್ಣ ಲೋಡ್‌ನಲ್ಲಿ ಓಡಿಸಿ ಬೇಡವಾದಾಗ ನಿಲ್ಲಿಸುವುದು ಉತ್ತಮ. ಅನ್‌ಲೋಡ್‌ನಲ್ಲಿ ಗಾಳಿ ಕೊಡದಿದ್ದರೂ ಪೂರ್ಣ ಲೋಡ್ ವಿದ್ಯುತ್ತಿನ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟನ್ನು ಯಂತ್ರ ತಿನ್ನುತ್ತಲೇ ಇರುತ್ತದೆ.

ಆಯಿಲ್ ಲ್ಯಾಬ್:

ಎಣ್ಣೆಯ ಬಗ್ಗೆ ನಾಲ್ಕು ಮಾತು ಸೇರಿಸಬೇಕೆನಿಸಿತು. 2000 ಗಂಟೆ ಎಂಬುದು ಖನಿಜ ಎಣ್ಣೆಗೆ ರೂಢಿಯಲ್ಲಿರುವ ಅಂಕಿ. ಒಳ್ಳೆಯ ಸಿಂಥೆಟಿಕ್ ಎಣ್ಣೆಗೆ ತಯಾರಕರು 8000 ಗಂಟೆಯವರೆಗೂ ಹೇಳುತ್ತಾರೆ, ಆದರೆ ಅದು ಸಾಮಾನ್ಯ ತಾಪಮಾನದಲ್ಲಿ ಮಾತ್ರ. ಎಣ್ಣೆಯ ತಾಪಮಾನ 10 ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ಅಂದಾಜಿನ ಸೂತ್ರವಾಗಿ ಇಟ್ಟುಕೊಳ್ಳಬಹುದು. ಆದ್ದರಿಂದ ಗಂಟೆಗಿಂತ ಮಾದರಿಯ ಪರೀಕ್ಷೆಯನ್ನು ನಂಬುವುದು ಮೇಲು. ಸ್ನಿಗ್ಧತೆ, ಆಮ್ಲಾಂಶ, ನೀರಿನ ಪ್ರಮಾಣ, ಲೋಹದ ಕಣಗಳು ಈ ನಾಲ್ಕನ್ನು ನೋಡಿಸಿ. ಮಾದರಿಯನ್ನು ಯಂತ್ರ ಬಿಸಿಯಿದ್ದು ಎಣ್ಣೆ ಚಲಿಸುತ್ತಿರುವಾಗ, ಅದಕ್ಕೆಂದೇ ಇಟ್ಟ ಸ್ಯಾಂಪ್ಲಿಂಗ್ ವಾಲ್ವ್‌ನಿಂದ ತೆಗೆಯಬೇಕು. ತಳದ ಡ್ರೈನ್‌ನಿಂದ ತೆಗೆದರೆ ಅಲ್ಲಿ ಕೂಡಿಕೊಂಡ ಕೊಳೆ ಮಾತ್ರ ಸಿಗುತ್ತದೆ.

ಇನ್ನೊಂದು ವಿಷಯ ಬಹಳ ಮುಖ್ಯ. ಎಣ್ಣೆಯ ಬಗೆ ಬದಲಾಯಿಸುವಾಗ ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಪಾಲಿಗ್ಲೈಕಾಲ್ ಬಗೆಯ ಎಣ್ಣೆ ಖನಿಜ ಎಣ್ಣೆಯೊಂದಿಗೆ ಸೇರದೆ ಜಿಗುಟಾದ ಗಸಿಯಾಗಿ ಕೂಲರ್ ಮತ್ತು ಸೆಪರೇಟರ್ ಎರಡನ್ನೂ ಕಟ್ಟಿಸಿಬಿಡಬಹುದು. ನಿಮ್ಮ ರೆಸಿಪ್ರೊಕೇಟಿಂಗ್ ಯಂತ್ರದ ಕ್ರ್ಯಾಂಕ್‌ಕೇಸ್ ಎಣ್ಣೆ, ಸ್ಕ್ರೂ ಎಣ್ಣೆ, ಸೆಂಟ್ರಿಫ್ಯೂಗಲ್ ಯಂತ್ರದ ಟರ್ಬೈನ್ ಬಗೆಯ ಎಣ್ಣೆ ಮೂರಕ್ಕೂ ಬೇರೆ ಬೇರೆ ಬಣ್ಣ ಬಳಿದ ಅಳತೆ ಡಬ್ಬಗಳನ್ನು ಇಡಿ. ಒಂದೇ ಡಬ್ಬ ಮೂರು ಕಡೆ ಓಡಾಡುವ ಕೊಠಡಿಯಲ್ಲಿ ಎಣ್ಣೆಯ ಪರೀಕ್ಷಾ ವರದಿಗೆ ಅರ್ಥವೇ ಉಳಿಯುವುದಿಲ್ಲ.

ವಾಲ್ವ್ ಫಿಟ್ಟರ್:

ರೆಸಿಪ್ರೊಕೇಟಿಂಗ್ ಯಂತ್ರದ ಬಗ್ಗೆ ಯಾರೂ ಮಾತಾಡಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಎರಡು ಹಂತದ ಯಂತ್ರದಲ್ಲಿ ನಡುವಿನ ಒತ್ತಡದ ಗೇಜ್ ಇಡೀ ಯಂತ್ರದ ನಾಡಿಯಿದ್ದಂತೆ. 7 ಬಾರ್ ಗೇಜ್ ಎಂದರೆ ನಿರಪೇಕ್ಷ ಒತ್ತಡ ಸುಮಾರು 8 ಬಾರ್. ಎರಡು ಹಂತಗಳೂ ಸಮನಾಗಿ ಹಂಚಿಕೊಂಡರೆ ಒಂದೊಂದು ಹಂತ ಒತ್ತಡ ಹೆಚ್ಚಿಸುವ ಅನುಪಾತ ಎಂಟರ ವರ್ಗಮೂಲ, ಅಂದರೆ 2.83. ಅದರಲ್ಲಿ ಒಂದು ಕಳೆದರೆ ಗೇಜ್‌ನಲ್ಲಿ ಕಾಣಬೇಕಾದದ್ದು ಸುಮಾರು 1.8 ಬಾರ್. ನಿಮ್ಮ ಯಂತ್ರ ಮೊದಲು ಸರಿಯಾಗಿಯೇ ಇತ್ತು.

ಈಗ ಅದು 2.6 ಕ್ಕೆ ಏರಿದೆ ಎಂದರೆ, ಮೊದಲ ಹಂತ ಕೊಟ್ಟ ಗಾಳಿಯನ್ನು ಎರಡನೆಯ ಹಂತ ಪೂರ್ತಿ ಎತ್ತಿಕೊಳ್ಳುತ್ತಿಲ್ಲ ಎಂದು ಅರ್ಥ. ಎರಡನೆಯ ಹಂತದ ವಾಲ್ವ್ ಅಥವಾ ಪಿಸ್ಟನ್ ರಿಂಗ್ ಸೋರುತ್ತಿದೆ. ಒತ್ತಡ 1.8 ಕ್ಕಿಂತ ಇಳಿದಿದ್ದರೆ ಮೊದಲ ಹಂತವನ್ನು ಸಂಶಯಿಸಬೇಕಿತ್ತು. ಎರಡು ಹಂತಗಳ ನಡುವಿನ ಇಂಟರ್‌ಕೂಲರ್ ಕಟ್ಟಿಕೊಂಡು ಗಾಳಿ ಸರಿಯಾಗಿ ತಣಿಯದಿದ್ದಾಗಲೂ ಈ ಒತ್ತಡ ಸ್ವಲ್ಪ ಏರುತ್ತದೆ, ಆದರೆ ಇಷ್ಟೊಂದು ಏರುವುದಿಲ್ಲ. ಇದನ್ನು ಹಾಗೆಯೇ ಬಿಡುವಂತಿಲ್ಲ. ಮೊದಲ ಹಂತದ ಅನುಪಾತ 2.83 ರಿಂದ 3.6 ಕ್ಕೆ ಹೋಗಿರುವುದರಿಂದ ಅದರ ಡಿಸ್ಚಾರ್ಜ್ ತಾಪಮಾನ, ಸೈದ್ಧಾಂತಿಕ ಲೆಕ್ಕದಲ್ಲಿ, 135 ಡಿಗ್ರಿಯಿಂದ 164 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಬಿಸಿ ಏರಿದಷ್ಟೂ ಎಣ್ಣೆ ಸುಟ್ಟು ಡಿಸ್ಚಾರ್ಜ್ ವಾಲ್ವ್ ಮತ್ತು ಪೈಪಿನಲ್ಲಿ ಕಾರ್ಬನ್ ಕಟ್ಟುತ್ತದೆ. ಡಿಸ್ಚಾರ್ಜ್ ಪೈಪಿನಲ್ಲಿ ಬೆಂಕಿ ಹೊತ್ತಿಕೊಳ್ಳುವುದು ಇಂಥ ಕಾರ್ಬನ್‌ನಿಂದಲೇ.

ಯಾವ ವಾಲ್ವ್ ಎಂದು ಕಂಡುಹಿಡಿಯಲು ಎಲ್ಲವನ್ನೂ ಬಿಚ್ಚಬೇಕಾಗಿಲ್ಲ. ಯಂತ್ರ ಲೋಡ್‌ನಲ್ಲಿ ಓಡುತ್ತಿರುವಾಗ ಎರಡನೆಯ ಹಂತದ ಪ್ರತಿಯೊಂದು ವಾಲ್ವ್ ಕವರ್‌ನ ತಾಪಮಾನವನ್ನು ಒಂದೇ ಜಾಗದಲ್ಲಿ, ಒಂದೇ ದೂರದಿಂದ ಅಳೆದು ಬರೆದುಕೊಳ್ಳಿ. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಅಳತೆ ತಪ್ಪು ತೋರಿಸುವುದರಿಂದ, ಪ್ರತಿ ಕವರ್ ಮೇಲೆ ಮಂಕು ಕಪ್ಪು ಬಣ್ಣದ ಒಂದು ಬೊಟ್ಟು ಇಟ್ಟುಕೊಳ್ಳುವುದು ಒಳ್ಳೆಯದು. ಸಕ್ಷನ್ ವಾಲ್ವ್‌ಗಳ ಕವರ್ ಒಳಬರುವ ಗಾಳಿಯಿಂದ ತಂಪಾಗಿರಬೇಕು. ಅವುಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ ಒತ್ತಿದ ಗಾಳಿ ಅದರ ಮೂಲಕವೇ ಹಿಂದಕ್ಕೆ ಬರುತ್ತಿದೆ. ಅನ್‌ಲೋಡರ್‌ನ (ಲೋಡ್ ಇಳಿಸಲು ಸಕ್ಷನ್ ವಾಲ್ವನ್ನು ತೆರೆದು ಹಿಡಿಯುವ ಸಾಧನ) ಬೆರಳುಗಳು ಸಿಕ್ಕಿಕೊಂಡು ಪ್ಲೇಟನ್ನು ಒತ್ತಿ ಹಿಡಿದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಹಾಗಾಗಿ ವಾಲ್ವ್ ಹೊರತೆಗೆಯುವಾಗ ಅನ್‌ಲೋಡರನ್ನೂ ಪರೀಕ್ಷಿಸಿ.

ಜೋಡಿಸುವಾಗ ಮಾತ್ರ ಅವಸರ ಮಾಡಬೇಡಿ. ಸಕ್ಷನ್ ವಾಲ್ವನ್ನು ಡಿಸ್ಚಾರ್ಜ್ ಜಾಗದಲ್ಲಿ ಕೂರಿಸಿದರೆ ಒತ್ತಿದ ಗಾಳಿಗೆ ಹೊರಹೋಗಲು ದಾರಿಯೇ ಇಲ್ಲದೆ ಸಿಲಿಂಡರ್ ಅಥವಾ ಕವರ್ ಸಿಡಿಯಬಹುದು. ಇದರಿಂದ ಪ್ರಾಣಹಾನಿಯಾಗುತ್ತದೆ. ಕೂರಿಸುವ ಮುನ್ನ ಪ್ಲೇಟ್ ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು ಮೆದುವಾದ ಕಡ್ಡಿಯಿಂದ ಒತ್ತಿ ನೋಡಿ, ಸಿಲಿಂಡರಿನ ಕಡೆಗೆ ತೆರೆದರೆ ಸಕ್ಷನ್, ಹೊರಗಡೆಗೆ ತೆರೆದರೆ ಡಿಸ್ಚಾರ್ಜ್ ಎಂದು ಇಬ್ಬರು ಬೇರೆ ಬೇರೆಯಾಗಿ ಖಚಿತಪಡಿಸಿಕೊಳ್ಳಬೇಕು. ಸೀಟ್ ಗ್ಯಾಸ್ಕೆಟ್ ಯಾವಾಗಲೂ ಹೊಸದೇ ಇರಲಿ. ಕವರ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. ಕಾರ್ಬನ್ ತೊಳೆಯಲು ಸೀಮೆಎಣ್ಣೆ ಅಥವಾ ಪೆಟ್ರೋಲ್ ಬಳಸಲೇಬೇಡಿ. ಅದರ ಆವಿ ಸಿಲಿಂಡರಿನಲ್ಲಿ ಉಳಿದರೆ ಶುರು ಮಾಡಿದಾಗ ಸ್ಫೋಟವಾಗಬಹುದು. ಸೋಪಿನ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಸವರಿದರೆ ಸಾಕು.

ಟರ್ಬೊ ವಿಭಾಗ:

ರಾತ್ರಿ ಪಾಳಿಯ ಆ ಗುಡುಗು ಬಹುಶಃ ಸರ್ಜ್. ಗಾಳಿಯ ಬೇಡಿಕೆ ಇಳಿದಾಗ ಹೆಡರ್ ಒತ್ತಡ ಏರುತ್ತದೆ, ಇಂಪೆಲ್ಲರ್ ಆ ಒತ್ತಡಕ್ಕೆ ಎದುರಾಗಿ ಗಾಳಿಯನ್ನು ತಳ್ಳಲಾರದೆ ಗಾಳಿ ಕ್ಷಣಮಾತ್ರ ಹಿಂದಕ್ಕೆ ಹರಿಯುತ್ತದೆ, ಮತ್ತೆ ಮುಂದಕ್ಕೆ ಹರಿಯುತ್ತದೆ. ಪ್ರತಿ ಸಲವೂ ಥ್ರಸ್ಟ್ ಬೇರಿಂಗ್ ಮೇಲೆ ಹೊಡೆತ ಬೀಳುತ್ತದೆ. ಆದ್ದರಿಂದ “ಮತ್ತೆ ಸರಿಹೋಗುತ್ತದೆ” ಎಂದು ಸಮಾಧಾನಪಡುವಂತಿಲ್ಲ. ಪ್ರತಿ ಘಟನೆಯ ಸಮಯ, ಹೆಡರ್ ಒತ್ತಡ, ಒಳಬಾಯಿಯ ವೇನ್‌ಗಳ (ಒಳಬರುವ ಗಾಳಿಯನ್ನು ನಿಯಂತ್ರಿಸುವ ರೆಕ್ಕೆಗಳು) ಸ್ಥಾನ ಮತ್ತು ಹೆಚ್ಚುವರಿ ಗಾಳಿಯನ್ನು ಹೊರಬಿಡುವ ಬ್ಲೋ ಆಫ್ ವಾಲ್ವ್‌ನ ಸ್ಥಾನ ದಾಖಲಾಗಬೇಕು. ಆಂಟಿ ಸರ್ಜ್ ನಿಯಂತ್ರಣವು ವಾಲ್ವ್ ತೆರೆಯಲು ಆದೇಶ ಕೊಟ್ಟು, ವಾಲ್ವ್ ತಡವಾಗಿ ತೆರೆಯುತ್ತಿದ್ದರೆ ಪೊಸಿಷನರ್ (ವಾಲ್ವ್‌ನ ಸ್ಥಾನ ಹೊಂದಿಸುವ ಸಾಧನ) ಅಥವಾ ಅದಕ್ಕೆ ಬರುವ ನಿಯಂತ್ರಣ ಗಾಳಿಯಲ್ಲಿ ದೋಷವಿರುತ್ತದೆ.

ನಿಮ್ಮ ಬರಹದಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ನಾಲ್ಕೂ ಯಂತ್ರಗಳು ಒಂದೇ ಹೆಡರ್‌ಗೆ ಸೇರಿವೆ. ಸ್ಕ್ರೂ ಯಂತ್ರದ ಒತ್ತಡದ ಮಿತಿ ಸೆಂಟ್ರಿಫ್ಯೂಗಲ್ ಯಂತ್ರದ ಸೆಟ್ ಪಾಯಿಂಟ್‌ಗಿಂತ ಮೇಲಿದ್ದರೆ, ರಾತ್ರಿ ಸ್ಕ್ರೂ ಲೋಡ್ ಆಗಿ ಹೆಡರ್ ಒತ್ತಡವನ್ನು ಏರಿಸುತ್ತದೆ, ಸೆಂಟ್ರಿಫ್ಯೂಗಲ್ ಸರ್ಜ್ ರೇಖೆಯ (ಸರ್ಜ್ ಶುರುವಾಗುವ ಮಿತಿ) ಹತ್ತಿರಕ್ಕೆ ತಳ್ಳಲ್ಪಡುತ್ತದೆ, ಸ್ಕ್ರೂ ಮತ್ತೆ ಅನ್‌ಲೋಡ್‌ಗೆ ಹೋಗಿ ತಣ್ಣಗಾಗುತ್ತದೆ. ನಿಮ್ಮ ಮೂರು ತೊಂದರೆಗಳಲ್ಲಿ ಎರಡರ ಬೇರು ಒಂದೇ ಇರಬಹುದು, ಆ ಬೇರು ಯಾವ ಯಂತ್ರದೊಳಗೂ ಇಲ್ಲದಿರಬಹುದು. ಸ್ಥಿರವಾದ ಬೇಡಿಕೆಯನ್ನು ಸೆಂಟ್ರಿಫ್ಯೂಗಲ್‌ಗೆ, ಏರಿಳಿತವನ್ನು ಒಂದೇ ಸ್ಕ್ರೂ ಯಂತ್ರಕ್ಕೆ ಬಿಟ್ಟು, ಉಳಿದವುಗಳ ಮಿತಿಗಳನ್ನು ಒಂದರ ಕೆಳಗೊಂದು ಬರುವಂತೆ ಹೊಂದಿಸಿ. ಒತ್ತಡವನ್ನು ಅನಗತ್ಯವಾಗಿ ಏರಿಸಿಟ್ಟಿದ್ದರೆ ಇಳಿಸಿ. ಪ್ರತಿ ಒಂದು ಬಾರ್‌ಗೆ ಶೇಕಡ 6 ರಿಂದ 7 ರಷ್ಟು ವಿದ್ಯುತ್ ಹೆಚ್ಚುತ್ತದೆ.

ಸೆಂಟ್ರಿಫ್ಯೂಗಲ್ ಯಂತ್ರವನ್ನು 8000 ಗಂಟೆ ಆಯಿತೆಂಬ ಒಂದೇ ಕಾರಣಕ್ಕೆ ಬಿಚ್ಚುವುದನ್ನು ನಾನು ಒಪ್ಪುವುದಿಲ್ಲ. ಕಂಪನದ ದಾಖಲೆ, ಬೇರಿಂಗ್ ತಾಪಮಾನ ಮತ್ತು ಎಣ್ಣೆಯ ಶುದ್ಧತೆ ಸ್ಥಿರವಾಗಿದ್ದರೆ ರೋಟರನ್ನು ಮುಟ್ಟದಿರುವುದೇ ನಿರ್ವಹಣೆ. ಬದಲಿಗೆ ಇಂಟರ್‌ಕೂಲರ್‌ಗಳನ್ನು ನೋಡಿ. ಕೂಲರ್‌ನಿಂದ ಹೊರಬರುವ ಗಾಳಿಯ ಮತ್ತು ಒಳಬರುವ ನೀರಿನ ತಾಪಮಾನಗಳ ವ್ಯತ್ಯಾಸ ತಿಂಗಳಿನಿಂದ ತಿಂಗಳಿಗೆ ಹಿಗ್ಗುತ್ತಿದ್ದರೆ ಕೊಳವೆಗಳು ಕಟ್ಟಿಕೊಳ್ಳುತ್ತಿವೆ. ಅವುಗಳ ಕಂಡೆನ್ಸೇಟ್ ಡ್ರೈನ್ (ಗಾಳಿಯಿಂದ ಇಳಿದ ನೀರನ್ನು ಹೊರಬಿಡುವ ದಾರಿ) ಸಿಕ್ಕಿಕೊಂಡರೆ ನೀರಿನ ಹನಿಗಳು ಮುಂದಿನ ಹಂತದ ಇಂಪೆಲ್ಲರ್‌ಗೆ ಬಡಿದು ಅಂಚುಗಳನ್ನು ಸವೆಸುತ್ತವೆ. ಎಷ್ಟು ನೀರು ಎಂದರೆ, ಮೇಲೆ ಹೇಳಿದ 30 ಡಿಗ್ರಿ, ಶೇಕಡ 80 ರ ಗಾಳಿಯನ್ನು ನಿಮಿಷಕ್ಕೆ 10 ಘನ ಮೀಟರ್‌ನಂತೆ ಒತ್ತಿ 35 ಡಿಗ್ರಿಗೆ ತಣಿಸಿದರೆ ಗಂಟೆಗೆ ಸುಮಾರು 11 ಲೀಟರ್ ನೀರು ಹೊರಬರುತ್ತದೆ. ಸೆಂಟ್ರಿಫ್ಯೂಗಲ್ ಯಂತ್ರಗಳು ಅದರ ಹಲವು ಪಟ್ಟು ಗಾಳಿ ಎಳೆಯುತ್ತವೆ.

ಯುಟಿಲಿಟಿ ಮೇಲ್ವಿಚಾರಕ:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಡೆದದ್ದನ್ನು ವರದಿ ಮಾಡುತ್ತಿದ್ದೇನೆ. ಎರಡನೆಯ ಸ್ಕ್ರೂ ಯಂತ್ರದಲ್ಲಿ ಕೂಲರ್‌ಗೆ ಹೋಗುವ ಪೈಪು ಶುರುವಿನಿಂದಲೇ ಬಿಸಿಯಾಗುತ್ತಾ ಹೋಯಿತು. ಥರ್ಮೋಸ್ಟಾಟಿಕ್ ವಾಲ್ವ್ ಬಿಚ್ಚಿದಾಗ ಅದರ ಎಲಿಮೆಂಟ್ ಅಲುಗಾಡದಂತೆ ಸಿಕ್ಕಿಕೊಂಡಿತ್ತು. ಹೊಸದನ್ನು ಹಾಕಿ ಎಣ್ಣೆ ಬದಲಾಯಿಸಿದ ಮೇಲೆ ತಾಪಮಾನ 82 ರಲ್ಲಿ ನಿಂತಿದೆ. ರೆಸಿಪ್ರೊಕೇಟಿಂಗ್ ಯಂತ್ರದಲ್ಲಿ ಎರಡನೆಯ ಹಂತದ ಒಂದು ಸಕ್ಷನ್ ಕವರ್ ಉಳಿದವಕ್ಕಿಂತ ಬಹಳ ಬಿಸಿಯಿತ್ತು. ಹೊರತೆಗೆದಾಗ ವಾಲ್ವ್ ಪ್ಲೇಟ್ ಅಂಚಿನಲ್ಲಿ ಮುರಿದಿದ್ದು, ಒಂದು ಸಣ್ಣ ತುಣುಕು ಕಾಣೆಯಾಗಿತ್ತು. ಈಗ ನಡುವಿನ ಒತ್ತಡ 1.85 ಕ್ಕೆ ಬಂದಿದೆ. ಒತ್ತಡದ ಮಿತಿಗಳನ್ನು ಬದಲಿಸಿದ ಮೇಲೆ ರಾತ್ರಿ ಗುಡುಗು ಕೇಳಿಸಿಲ್ಲ. ಎರಡು ಪ್ರಶ್ನೆಗಳು ಉಳಿದಿವೆ. ಕಾಣೆಯಾದ ತುಣುಕಿನ ಬಗ್ಗೆ ಏನು ಮಾಡಬೇಕು? ಹೊಸ ಲಾಗ್ ಶೀಟಿನಲ್ಲಿ ಏನೇನು ಬರೆಯಿಸಬೇಕು?

ವಾಲ್ವ್ ಫಿಟ್ಟರ್:

ತುಣುಕು ಸಿಗುವ ತನಕ ಆ ಯಂತ್ರವನ್ನು ಓಡಿಸಬೇಡಿ. ಸಕ್ಷನ್ ವಾಲ್ವ್‌ನಿಂದ ಮುರಿದ ಚೂರು ಸಿಲಿಂಡರಿನೊಳಕ್ಕೇ ಬೀಳುತ್ತದೆ. ಮೋಟರಿನ ವಿದ್ಯುತ್ತನ್ನು ಬೇರ್ಪಡಿಸಿ ಬೀಗ ಹಾಕಿ, ಯಂತ್ರವನ್ನು ಹೆಡರ್‌ನಿಂದ ಮುಚ್ಚಿ, ಒಳಗಿನ ಒತ್ತಡ ಪೂರ್ತಿ ಬಿಟ್ಟ ಮೇಲೆ, ವಾಲ್ವ್ ಜಾಗದಿಂದ ಬೋರ್‌ಸ್ಕೋಪ್ (ಒಳಗನ್ನು ನೋಡುವ ಸಣ್ಣ ಉಪಕರಣ) ಇಳಿಸಿ ಪಿಸ್ಟನ್ ತಲೆ, ಸಿಲಿಂಡರ್ ಗೋಡೆ ಮತ್ತು ಡಿಸ್ಚಾರ್ಜ್ ಪಾಕೆಟ್ ನೋಡಿ. ಗೋಡೆಯಲ್ಲಿ ಉದ್ದುದ್ದ ಗೀರುಗಳಿದ್ದರೆ ಚೂರು ರಿಂಗ್‌ಗಳ ನಡುವೆ ಸಿಕ್ಕಿದೆ ಎಂದು ತಿಳಿದು ಪಿಸ್ಟನ್ ಹೊರತೆಗೆಯಬೇಕು. ಹಾಗೆ ತೆಗೆದರೆ ಮತ್ತೆ ಕೂರಿಸುವಾಗ ಎರಡೂ ತುದಿಯ ಕ್ಲಿಯರೆನ್ಸನ್ನು ಸೀಸದ ತಂತಿ ಇಟ್ಟು, ಯಂತ್ರವನ್ನು ಕೈಯಿಂದ ತಿರುಗಿಸಿ ಅಳೆಯಿರಿ. ಪಿಸ್ಟನ್ ರಾಡ್ ಬಿಸಿಯಾಗಿ ಉದ್ದವಾಗುವುದರಿಂದ ಹೆಡ್ ಕಡೆಯ ಅಂತರ ಕ್ರ್ಯಾಂಕ್ ಕಡೆಯದಕ್ಕಿಂತ ಹೆಚ್ಚಿರಬೇಕು. ನಿಖರವಾದ ಅಂಕಿಗಳನ್ನು ನಿಮ್ಮ ಯಂತ್ರದ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಸ್ಕ್ರೂ ಸರ್ವೀಸ್:

ಲಾಗ್ ಶೀಟಿನ ಬಗ್ಗೆ ನಾನು ಹೇಳುತ್ತೇನೆ. ನಾಲ್ಕು ಯಂತ್ರಗಳಿಗೂ ಒಂದೇ ಮಾದರಿಯ ಹಾಳೆ ಮಾಡಬೇಡಿ. ಸ್ಕ್ರೂ ಹಾಳೆಯಲ್ಲಿ ಡಿಸ್ಚಾರ್ಜ್ ತಾಪಮಾನ, ಲೋಡ್ ಗಂಟೆ, ಒಟ್ಟು ಗಂಟೆ, ಸೆಪರೇಟರ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ, ಎಣ್ಣೆಯ ಮಟ್ಟ ಮತ್ತು ಸೇರಿಸಿದ ಎಣ್ಣೆಯ ಪ್ರಮಾಣ ಇರಲಿ. ಸೆಪರೇಟರ್ ವ್ಯತ್ಯಾಸ 0.8 ರಿಂದ 1 ಬಾರ್ ಹತ್ತಿರ ಬಂದರೆ ಬದಲಾಯಿಸಿ. ಅದು ಏರುತ್ತಾ ಬಂದು ಒಮ್ಮೆಲೇ ಕುಸಿದರೆ ಸೆಪರೇಟರ್ ಹರಿದಿರುವ ಸಾಧ್ಯತೆಯಿದೆ, ಆಗ ಎಣ್ಣೆ ನೇರವಾಗಿ ಗಾಳಿಯ ಪೈಪಿಗೆ ಹೋಗುತ್ತದೆ. ಸೆಪರೇಟರ್‌ನಲ್ಲಿ ಕೂಡಿದ ಎಣ್ಣೆಯನ್ನು ಹಿಂದಕ್ಕೆ ಒಯ್ಯುವ ಸ್ಕ್ಯಾವೆಂಜ್ ಲೈನ್‌ನ ಗಾಜಿನ ಕಿಂಡಿಯನ್ನು ಪ್ರತಿ ಪಾಳಿಯಲ್ಲೂ ನೋಡಬೇಕು. ಲೋಡ್‌ನಲ್ಲಿ ಅಲ್ಲಿ ಗಾಳಿಯೊಂದಿಗೆ ಬೆರೆತ ಎಣ್ಣೆ ಸಣ್ಣಗೆ ಹರಿಯುತ್ತಿರಬೇಕು. ಕಿಂಡಿಯಲ್ಲಿ ಏನೂ ಹರಿಯದೆ ಎಣ್ಣೆಯ ಖರ್ಚು ಹೆಚ್ಚಿದ್ದರೆ, ಸೆಪರೇಟರ್ ತರಿಸುವ ಮೊದಲು ಆ ಲೈನ್‌ನ ಸಣ್ಣ ಆರಿಫಿಸ್ (ಕಿರಿದಾದ ರಂಧ್ರದ ಭಾಗ) ಬಿಚ್ಚಿ ಸ್ವಚ್ಛ ಮಾಡಿ.

ರೆಸಿಪ್ರೊಕೇಟಿಂಗ್ ಹಾಳೆಗೆ ನಡುವಿನ ಒತ್ತಡ, ಪ್ರತಿ ವಾಲ್ವ್ ಕವರ್ ತಾಪಮಾನ, ಎಣ್ಣೆಯ ಒತ್ತಡ, ನೀರಿನ ಒಳ ಮತ್ತು ಹೊರ ತಾಪಮಾನ. ಸೆಂಟ್ರಿಫ್ಯೂಗಲ್ ಹಾಳೆಯನ್ನು ಟರ್ಬೊ ವಿಭಾಗದವರು ಆಗಲೇ ಹೇಳಿದ್ದಾರೆ. ಎಲ್ಲ ಹಾಳೆಗಳಲ್ಲೂ ಒಳಬರುವ ಗಾಳಿಯ ತಾಪಮಾನಕ್ಕೆ ಒಂದು ಅಂಕಣ ಬೇಕು, ಏಕೆಂದರೆ ಅದಿಲ್ಲದೆ ಚಳಿಗಾಲದ 78 ಡಿಗ್ರಿಯನ್ನು ಬೇಸಿಗೆಯ 88 ಡಿಗ್ರಿಯೊಂದಿಗೆ ಹೋಲಿಸಲಾಗದು. ದುರಸ್ತಿಯಾದ ಈ ವಾರದ ಅಂಕಿಗಳನ್ನೇ ಪ್ರತಿ ಹಾಳೆಯ ತಲೆಯಲ್ಲಿ ಅಚ್ಚು ಮಾಡಿಸಿ. ರೆಸಿಪ್ರೊಕೇಟಿಂಗ್ ಯಂತ್ರದ ಅಂಕಿಗಳನ್ನು ಮಾತ್ರ ಆ ಚೂರು ಸಿಕ್ಕಿ, ಯಂತ್ರ ಪೂರ್ಣ ಲೋಡ್‌ನಲ್ಲಿ ಒಂದು ಪಾಳಿ ಓಡಿದ ಮೇಲೆ ತೆಗೆದುಕೊಳ್ಳಿ.